ಪಟ್ಟಿಯ ಮೊದಲ ಸಾಲು

ಎರಡನೇ ಪಿಯುಸಿ ಮಕ್ಕಳಿಗೆ ಮುಂದೇನು ಓದಬೇಕು, ಎಲ್ಲಿ ಓದಬೇಕು ಎಂದು ದಾರಿ ತೋರಿಸುವ ಕೆಲಸ ಸುನಂದಾಳ ಪಾಲಿಗೆ ಬಂದದ್ದು, ಬೇರೆ ಯಾರೂ ಅದನ್ನು ಒಲ್ಲೆ ಎಂದದ್ದರಿಂದ. ಒಂಬತ್ತು ವರ್ಷಗಳ ಹಿಂದೆ ಕಮಲಾಪುರದ ಪದವಿಪೂರ್ವ ಕಾಲೇಜಿನ ಮೀಟಿಂಗಿನಲ್ಲಿ ಪ್ರಿನ್ಸಿಪಾಲ ಶಿವಶರಣ ಅವರು ಮೇಲಿನಿಂದ ಬಂದ ಸುತ್ತೋಲೆ ಓದಿ ಹೇಳಿ, ಕನ್ನಡಕ ತೆಗೆದು ಎಲ್ಲರ ಮುಖ ನೋಡಿದರು. ಎಲ್ಲರೂ ತಲೆ ತಗ್ಗಿಸಿದರು. ಒಬ್ಬರಿಗೆ ಮಗಳ ಟ್ಯೂಷನ್, ಇನ್ನೊಬ್ಬರಿಗೆ ಅತ್ತೆಯ ಆಸ್ಪತ್ರೆ. ಕಡೆಗೆ ಅವರು ಜೀವಶಾಸ್ತ್ರದ ಸುನಂದಾಳ ಕಡೆ ತಿರುಗಿ, "ಮೇಡಂ, ನಿಮಗೇನು ಮನಿ ಕಡೆ ಅವಸರ ಇರಂಗಿಲ್ಲ. ಇದು ನೀವ ನೋಡ್ರಿ," ಎಂದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೂ ಅದು ಮುಳ್ಳಿನಂತೆ ಒಳಗೆ ಹೋಗಿ ಅಲ್ಲೇ ಉಳಿಯಿತು. ಕಲಬುರಗಿಯ ಮನೆಯಲ್ಲಿ ಆಗ ಅವಳ ತಾಯಿ ಸೂಗಮ್ಮ ಹಾಸಿಗೆ ಹಿಡಿದಿದ್ದಳು. ಆದರೆ ಗಂಡ, ಮಕ್ಕಳು ಇಲ್ಲದವಳ ಮನೆಯನ್ನು ಯಾರೂ ಮನೆಯೆಂದು ಎಣಿಸುವುದಿಲ್ಲ.

ಹಿಡಿದ ಕೆಲಸವನ್ನು ಸುನಂದಾ ಅರ್ಧಕ್ಕೆ ಬಿಡುವವಳಲ್ಲ. ನಾಲ್ಕು ಗಂಟೆಗೆ ಪಾಠ ಮುಗಿದ ಮೇಲೆ ಲ್ಯಾಬಿನ ಮೂಲೆಯಲ್ಲಿ ಒಂದು ಬೆಂಚು ಹಾಕಿಸಿಕೊಂಡು ಕೂತಳು. ಮೊದಲ ತಿಂಗಳು ಒಂದು ನರಪಿಳ್ಳೆಯೂ ಬರಲಿಲ್ಲ. ಆಮೇಲೆ ಒಬ್ಬಳು ನರ್ಸಿಂಗ್ ಎಂದರೇನು ಎಂದು ಕೇಳಲು ಬಂದಳು. ಅವಳ ಹಿಂದೆ ನಾಲ್ವರು ಬಂದರು. ಕಲಬುರಗಿ ಸೀಮೆಯ ಮಕ್ಕಳಿಗೆ ಸೀಟಿನಲ್ಲಿ ಮೀಸಲಾತಿ ಕೊಡಿಸುವ ಮುನ್ನೂರ ಎಪ್ಪತ್ತೊಂದು ಜೆ ಸರ್ಟಿಫಿಕೇಟನ್ನು ಯಾವ ಕಚೇರಿಯಲ್ಲಿ ಕೇಳಬೇಕು, ಜಾತಿ ಆದಾಯದ ಪತ್ರದ ಅವಧಿ ಎಂದು ಮುಗಿಯುತ್ತದೆ, ರೈತರ ಮಕ್ಕಳ ಕೋಟಾದ ಪ್ರಾಯೋಗಿಕ ಪರೀಕ್ಷೆಯಲ್ಲಿ ಏನೇನು ಬೀಜ ಮುಂದಿಟ್ಟು ಹೆಸರು ಕೇಳುತ್ತಾರೆ, ಎಲ್ಲ ತಾನೇ ಓಡಾಡಿ ತಿಳಿದುಕೊಂಡಳು. ಮಗಳನ್ನು ಹಾಸ್ಟೆಲಿಗೆ ಕಳಿಸಲು ಹೆದರುವ ತಂದೆಗಳ ಎದುರು ಕೂತು ಗಂಟೆಗಟ್ಟಲೆ ಮಾತಾಡಿದಳು. ವರ್ಷಕ್ಕೆ ಇಪ್ಪತ್ತೋ ಮೂವತ್ತೋ ಮಕ್ಕಳು ಅವಳ ಬೆಂಚಿನಿಂದ ಎದ್ದು ಬೀದರ್, ರಾಯಚೂರು, ಧಾರವಾಡ ಅಂತ ಹೋದರು. ಹೋದ ಹೊಸತರಲ್ಲಿ ಫೋನು ಮಾಡುತ್ತಿದ್ದರು. ಆಮೇಲೆ ಮದುವೆಯ ಕಾರ್ಡು ಬರುತ್ತಿತ್ತು. ಆಮೇಲೆ ಅದೂ ಇಲ್ಲ. ಅವಳಿಗೆ ಅದರ ಬಗ್ಗೆ ಸಿಟ್ಟಿರಲಿಲ್ಲ. ಹೋಗಲಿ ಎಂದೇ ಅಲ್ಲವೇ ಕಳಿಸಿದ್ದು.

ಎರಡು ವರ್ಷಗಳ ಹಿಂದೆ ಸೂಗಮ್ಮ ತೀರಿಕೊಂಡಳು. ಸೇಡಂ ರಸ್ತೆಯ ಬಡಾವಣೆಯೊಂದರಲ್ಲಿ ಅಪ್ಪ ಕಟ್ಟಿಸಿದ ಆ ಮನೆಯಲ್ಲಿ ಸುನಂದಾ ಒಬ್ಬಳೇ ಉಳಿದಳು. ತಾಯಿ ಇದ್ದಾಗ ರಾತ್ರಿಯೆಲ್ಲ ಕೆಮ್ಮುತ್ತಾಳೆ, ನಿದ್ದೆ ಇಲ್ಲ ಎಂದು ಗೊಣಗಿದ್ದಳು. ಈಗ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಕುಕ್ಕರಿನ ಸೀಟಿಗೂ ಬೆಚ್ಚಿ ಬೀಳುತ್ತಿದ್ದಳು. ಭಾನುವಾರ ಏನೂ ಬೇಕಿಲ್ಲದಿದ್ದರೂ ಊರ ನಡುವಿನ ಪೇಟೆ ಸೂಪರ್ ಮಾರ್ಕೆಟ್ಟಿಗೆ ಹೋಗಿ, ಜನರ ನಡುವೆ ಎರಡು ಸುತ್ತು ಹಾಕಿ, ಪಾವು ಕಿಲೋ ಬೆಂಡೆಕಾಯಿ ಕೊಂಡು ಬರುತ್ತಿದ್ದಳು. ಅವಳಿಗೆ ಐವತ್ತೊಂದು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಹೇಳಲು ದೊಡ್ಡ ಕಥೆಯೇನೂ ಇರಲಿಲ್ಲ. ಬಂದ ಎರಡು ಮೂರು ಸಂಬಂಧ ಕೂಡಲಿಲ್ಲ, ಆಮೇಲೆ ಬರುವುದು ನಿಂತಿತು, ಅಷ್ಟೇ.

ಅದೇ ವರ್ಷ ಕಾಲೇಜಿಗೆ ರಾಜೇಶ್ರೀ ಬಂದಳು.

ಕಮಲಾಪುರದಿಂದ ಮೂರು ಕಿಲೋಮೀಟರಿನಲ್ಲಿ ಭೀಮಶಾ ಎಂಬವರ ಕೆಂಪು ಬಾಳೆಯ ತೋಟ. ಅವರ ಒಬ್ಬಳೇ ಮಗಳು. ಮೊದಲ ವರ್ಷದ ಆಗಸ್ಟಿನಲ್ಲಿ ಒಂದು ದಿನ ಅವಳು ಹಳೆಯ ಪೇಪರಿನಲ್ಲಿ ಏನೋ ಸುತ್ತಿಕೊಂಡು ಲ್ಯಾಬಿನ ಬಾಗಿಲಲ್ಲಿ ನಿಂತಳು. ಬಿಚ್ಚಿದರೆ ಬಾಳೆಯ ದಿಂಡಿನ ತುಂಡು. ಅಡ್ಡ ಕೊಯ್ದ ಜಾಗದಲ್ಲಿ ಕಂದು ಬಣ್ಣದ ಉಂಗುರಗಳು.

"ಮೇಡಂ, ಮ್ಯಾಲಿಂದ ನೋಡಿದ್ರ ಎಲಿ ಹಳದಿ ಅಷ್ಟ. ಒಳಗ ನೋಡ್ರಿ ಹೆಂಗ ಆಗ್ಯಾದ. ಇದು ಎಲ್ಲಿಂದ ಬರ್ತದ್ರಿ?"

ಸುನಂದಾಳಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇಬ್ಬರೂ ಸೇರಿ ಒಂದು ತೆಳುವಾದ ಚೂರು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರು, ಪುಸ್ತಕ ತಿರುವಿದರು, ಮೊಬೈಲಿನಲ್ಲಿ ಹುಡುಕಿದರು. ಅದು ಮಣ್ಣಿನ ಬೂಷ್ಟಿನಿಂದ ಬರುವ ಸೊರಗು ರೋಗ ಎಂದು ಗೊತ್ತಾಗುವ ಹೊತ್ತಿಗೆ ಐದೂವರೆಯ ಬಸ್ಸು ಹೋಗಿತ್ತು. ಅಂದಿನಿಂದ ಹುಡುಗಿ ದಿನಾ ಸಂಜೆ ಬರತೊಡಗಿದಳು. ಮಾತು ಕಡಿಮೆ. ಬಾಯಿ ಬಿಟ್ಟರೆ ಪ್ರಶ್ನೆಯನ್ನೇ ಕೇಳುವವಳು. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ತನ್ನ ಮುಂದಿನ ದಾರಿಯನ್ನು ಅವಳೇ ಗೊತ್ತು ಮಾಡಿಕೊಂಡಿದ್ದಳು. ಬಾಗಲಕೋಟೆಯ ತೋಟಗಾರಿಕೆ ಕಾಲೇಜು. "ನಮ್ಮ ಕೆಂಪ ಬಾಳಿ ಬಗ್ಗಿ ಅಲ್ಲಿ ಯಾರಿಗೆರೆ ಗೊತ್ತಿರ್ತದ್ರಿ," ಎನ್ನುತ್ತಿದ್ದಳು. ಸುನಂದಾ ಅದಕ್ಕೆ ಬೇಕಾದ ಕಾಗದವನ್ನೆಲ್ಲ ಒಂದೊಂದಾಗಿ ಕೂಡಿಸಿಕೊಟ್ಟಳು.

ಏಪ್ರಿಲ್‌ನಲ್ಲಿ ಸಿಇಟಿ ಬಂತು. ಪರೀಕ್ಷೆಯ ಕೇಂದ್ರ ಕಲಬುರಗಿಯಲ್ಲಿ. ಬಿಸಿಲಲ್ಲಿ ತೋಟದಿಂದ ದಿನಾ ಓಡಾಡುವುದು ಬೇಡ ಎಂದು ಸುನಂದಾ ಅವಳನ್ನು ಮೂರು ದಿನ ತನ್ನ ಮನೆಯಲ್ಲೇ ಇಟ್ಟುಕೊಂಡಳು.

ಆ ಮೂರು ದಿನ ಆಗಬಾರದ್ದೇನೂ ಆಗಲಿಲ್ಲ. ಹುಡುಗಿ ಬೆಳಿಗ್ಗೆ ಐದಕ್ಕೆ ಎದ್ದು ಅಂಗಳ ಗುಡಿಸಿದಳು. ಶೇಂಗಾ ಚಟ್ನಿಗೆ ಉಪ್ಪು ಕಡಿಮೆ ಎಂದಳು. ಹಾಲು ಉಕ್ಕಿ ಒಲೆ ಆರಿದಾಗ, "ಮೇಡಂ, ನಿಮ್ಮ ಲಕ್ಷ್ಯ ಎಲ್ಲಿರ್ತದ್ರಿ?" ಎಂದು ಗದರಿಸಿ, ತಾನೇ ನಾಲಿಗೆ ಕಚ್ಚಿಕೊಂಡಳು. ಓದುವಾಗ ಜೋರಾಗಿ ಓದುವ ಅಭ್ಯಾಸ ಅವಳಿಗೆ. ಸಸ್ಯಗಳ ಕುಲ, ಪ್ರಭೇದ, ರಾಸಾಯನಿಕ ಸಮೀಕರಣ, ಎಲ್ಲ ಮಾಳಿಗೆಯ ಕೋಣೆಯಿಂದ ಕೆಳಗಿನ ಅಡಿಗೆಮನೆಗೆ ಇಳಿದು ಬರುತ್ತಿದ್ದವು. ಸುನಂದಾ ಕೈಯಲ್ಲಿ ಸೌಟು ಹಿಡಿದು ಸುಮ್ಮನೆ ನಿಂತು ಕೇಳುತ್ತಿದ್ದಳು. ಮನೆಯಲ್ಲಿ ಇನ್ನೊಬ್ಬರ ದನಿ ಇದ್ದರೆ ಗೋಡೆಗಳೂ ಹತ್ತಿರ ಬಂದಂತೆ ಇರುತ್ತವೆ ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು.

ಮೂರನೇ ದಿನ ಸಂಜೆ ಹುಡುಗಿಯನ್ನು ಬಸ್ಸಿಗೆ ಹತ್ತಿಸಿ ಬಂದು, ಎರಡು ತಟ್ಟೆ ತೆಗೆದಿಟ್ಟು, ಒಂದನ್ನು ಮತ್ತೆ ಒಳಗಿಟ್ಟಳು.

ರ‍್ಯಾಂಕು ಚೆನ್ನಾಗಿಯೇ ಬಂತು. ಜೂನ್ ಕೊನೆಗೆ ಕಾಲೇಜುಗಳ ಆಯ್ಕೆಯ ಪಟ್ಟಿ ತುಂಬುವ ದಿನ ಬಂತು. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ಸಾಲಾಗಿ ಹಾಕಬೇಕು. ಮೇಲೆ ಹಾಕಿದ್ದು ಸಿಕ್ಕರೆ ಕೆಳಗಿನದನ್ನು ಯಂತ್ರ ನೋಡುವುದೇ ಇಲ್ಲ. ಇದನ್ನು ಸುನಂದಾ ಒಂಬತ್ತು ವರ್ಷದಲ್ಲಿ ನೂರಾರು ಮಕ್ಕಳಿಗೆ ಹೇಳಿದ್ದಳು. ಆ ದಿನ ರಾಜೇಶ್ರೀಯ ತಾಯಿಗೆ ಜ್ವರ. ಹುಡುಗಿ ಬರಲಾಗದೆ, ನೋಟಬುಕ್ಕಿನ ಹಾಳೆಯಲ್ಲಿ ಪಟ್ಟಿ ಬರೆದು ಗೆಳತಿಯ ಕೈಯಲ್ಲಿ ಕಳಿಸಿದಳು. ಒಂದು, ಬಾಗಲಕೋಟೆ ತೋಟಗಾರಿಕೆ. ಎರಡು, ಬೀದರ್ ತೋಟಗಾರಿಕೆ. ಮೂರು, ರಾಯಚೂರು ಕೃಷಿ. ನಾಲ್ಕು, ಕಲಬುರಗಿ ಕೃಷಿ. ತಂದೆಯ ಫೋನಿಗೆ ಬಂದ ಓಟಿಪಿಯನ್ನು ಫೋನಿನಲ್ಲೇ ಓದಿ ಹೇಳಿದಳು.

ಕಮಲಾಪುರದ ಬಸ್‌ಸ್ಟ್ಯಾಂಡಿನ ಎದುರು ಜಹಾಂಗೀರ್‌ನ ಕಂಪ್ಯೂಟರ್ ಅಂಗಡಿ. ಕಾಲೇಜಿನ ನೆಟ್ಟು ಕೈಕೊಟ್ಟಾಗಲೆಲ್ಲ ಸುನಂದಾ ಅಲ್ಲಿಗೇ ಹೋಗುವುದು. ಅವಳು ಹಾಳೆಯನ್ನು ಕೀಬೋರ್ಡಿನ ಪಕ್ಕ ಇಟ್ಟುಕೊಂಡು ಕೂತಳು. ಕೂತು ಬಹಳ ಹೊತ್ತು ಪರದೆ ನೋಡಿದಳು. ಹೆಣ್ಣುಮಗು, ಅಷ್ಟು ದೂರ ಯಾಕೆ. ಹಾಸ್ಟೆಲಿನ ಊಟ ಹೇಗಿರುತ್ತದೋ. ಕೃಷಿಯಲ್ಲೂ ಬಾಳೆ ಕಲಿಸುತ್ತಾರಲ್ಲ. ಮಾಳಿಗೆಯ ಕೋಣೆ ಖಾಲಿಯೇ ಇದೆ, ಅಲ್ಲಿಂದ ಕಾಲೇಜಿಗೆ ಒಂದೇ ಸಿಟಿ ಬಸ್ಸು. ಹೀಗೆ ಒಂದರ ಮೇಲೊಂದು ಕಾರಣ ಬಂದು ಕೂತವು. ಎಲ್ಲವೂ ನ್ಯಾಯವಾದ ಕಾರಣಗಳೇ. ಅವಳು ಕಲಬುರಗಿಯನ್ನು ಮೊದಲ ಸಾಲಿಗೆ ಹಾಕಿದಳು.

ಪ್ರಿಂಟು ತೆಗೆದು ಕೊಡುವಾಗ ಜಹಾಂಗೀರ್ ಹಾಳೆಯನ್ನೂ ಪ್ರಿಂಟನ್ನೂ ಒಮ್ಮೆ ನೋಡಿದ. "ಮೇಡಂ, ಹುಡ್ಗಿ ಬರದದ್ದು ಬ್ಯಾರೆ ಅದ ಅಲ್ರಿ?"

"ನಾ ಮಾತಾಡೀನಿ ಬಿಡು ಆಕಿ ಜೊತಿ," ಎಂದಳು ಸುನಂದಾ.

"ಅಚ್ಛಾ ಅಚ್ಛಾ. ಕಂಪ್ಯೂಟರಿಗೇನು, ಹಾಕಿದ್ದ ಹಾಕ್ತದ," ಎಂದು ಅವನು ಮುಂದಿನ ಗಿರಾಕಿಯ ಕಡೆ ತಿರುಗಿದ. ಪ್ರಿಂಟನ್ನು ಅವಳು ಹುಡುಗಿಗೆ ಕೊಡಲಿಲ್ಲ. ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು.

ಹತ್ತು ದಿನಕ್ಕೆ ಅಣಕು ಸೀಟು ಹಂಚಿಕೆ ಬಂತು. ನಿಜವಾದ ಹಂಚಿಕೆಗೆ ಮೊದಲು, ಹೀಗೆ ಸಿಗಬಹುದು ಎಂದು ತೋರಿಸುವ ಪಟ್ಟಿ ಅದು. ಅದನ್ನು ನೋಡಿ ಬೇಕಿದ್ದರೆ ಸಾಲು ಬದಲಿಸಲು ಒಂದು ವಾರ ಅವಕಾಶ ಕೊಡುತ್ತಾರೆ. ಸಂಜೆ ರಾಜೇಶ್ರೀಯ ಫೋನು ಬಂತು.

"ಮೇಡಂ, ಕಲಬುರಗಿ ಕೃಷಿ ಬಂದದಂತ ಮೆಸೇಜ್ ಬಂತ್ರಿ."

"ಹೌದವ್ವ, ನೋಡಿದೆ."

ಆ ಕಡೆ ನೀರಿನ ಮೋಟಾರಿನ ಸದ್ದು. "ಹಂಗಾದ್ರ ಬಾಗಲಕೋಟಿ ಸಿಗಂಗಿಲ್ಲೇನ್ರಿ?"

ಸುನಂದಾ ಬಾಯಿ ತೆರೆದಳು. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೊರಗೆ ಬಂದದ್ದು ಒಂದೇ ಶಬ್ದ. "ಇಲ್ಲ."

"ಬೀದರ್? ರಾಯಚೂರು?"

"ಅವೂ ಇಲ್ಲ. ಹೋಗ್ಲಿ ಬಿಡು, ಕಲಬುರಗಿ ಏನು ಕಡಿಮಿ? ನಮ್ಮ ಮನ್ಯಾಗ ಇದ್ದು ಓದು. ಹಾಸ್ಟೆಲ್ ಗೀಸ್ಟೆಲ್ ಯಾಕ ಬೇಕು."

"ಹೂಂ ರೀ," ಎಂದಳು ಹುಡುಗಿ. ಅಷ್ಟೇ ಎಂದಳು.

ಮರುದಿನವೇ ಸುನಂದಾ ಸೂಪರ್ ಮಾರ್ಕೆಟ್ಟಿಗೆ ಹೋಗಿ ಒಂದು ಮಂಚ, ಒಂದು ಓದುವ ಮೇಜು ಗೊತ್ತು ಮಾಡಿ ಬಂದಳು. ಆಳುಗಳು ಅವನ್ನು ಮಾಳಿಗೆಗೆ ಏರಿಸುವಾಗ ಎದುರುಮನೆಯ ನಾಗರತ್ನಾ ಗೇಟಿನ ಹತ್ತಿರ ಬಂದು ಕೇಳಿದಳು. "ಯಾರ್ ಬರ್ಲಾಕತ್ತಾರ್ರಿ ಮೇಡಂ?"

"ನಮ್ಮ ಹುಡುಗಿ," ಎಂದುಬಿಟ್ಟಳು ಸುನಂದಾ. ಹೇಳಿದ ಮೇಲೆ ಅವಳಿಗೇ ಆ ಮಾತು ಸಿಹಿಯಾಗಿ ಕೇಳಿಸಿತು. ಎರಡು ದಿನ ಗೋಡೆ ಒರೆಸಿದಳು, ಕಿಟಕಿಗೆ ಪರದೆ ಹಾಕಿದಳು. ನಡುನಡುವೆ ಎದೆಯಲ್ಲಿ ಏನೋ ಚುಚ್ಚಿದಂತಾದರೆ ಕೆಲಸದ ವೇಗ ಹೆಚ್ಚಿಸುತ್ತಿದ್ದಳು.

ಭಾನುವಾರ ರಾಜೇಶ್ರೀ ತಂದೆ ತಾಯಿಯೊಡನೆ ಮನೆ ನೋಡಲು ಬಂದಳು. ತಾಯಿ ಮಹಾದೇವಮ್ಮನಿಗೆ ಜ್ವರ ಬಿಟ್ಟಿತ್ತು, ಮುಖದಲ್ಲಿ ನಗು ತುಂಬಿತ್ತು. ಕೆಂಪು ಬಾಳೆಯ ಒಂದು ಗೊನೆಯನ್ನೇ ಹೊತ್ತು ತಂದಿದ್ದರು.

"ನಮ್ಮ ದೇವ್ರು ನೀವ ಅಕ್ಕೋರ," ಎಂದಳು ಮಹಾದೇವಮ್ಮ. "ಬಾಗಲಕೋಟಿ ಬಾಗಲಕೋಟಿ ಅಂತಿತ್ತು ಇದು. ನನ್ನ ಜೀವಾನೇ ಹಾರಿತ್ತು. ಈಗ ವಾರಕ್ಕೊಮ್ಮಿ ಬಂದು ಮಾರಿ ನೋಡಿ ಹೋಗ್ತೀನಿ."

ಭೀಮಶಾ ಕುರ್ಚಿಯ ತುದಿಯಲ್ಲಿ ಕೂತು ಚಹಾ ಕುಡಿದರು. ಸುನಂದಾ ಹುಡುಗಿಯನ್ನು ಮಾಳಿಗೆಗೆ ಕರೆದುಕೊಂಡು ಹೋದಳು. ರಾಜೇಶ್ರೀ ಮೇಜನ್ನು ಮುಟ್ಟಿ ನೋಡಿದಳು, "ಚಲೋ ಅದರಿ," ಎಂದಳು. ಕಿಟಕಿಯಿಂದ ಸೇಡಂ ರಸ್ತೆಯ ಅಂಗಡಿಗಳ ಬೋರ್ಡುಗಳು ಕಾಣುತ್ತಿದ್ದವು. ಅವನ್ನು ನೋಡುತ್ತ, ತಿರುಗದೆಯೇ ಕೇಳಿದಳು.

"ಮೇಡಂ, ಬಾಗಲಕೋಟಿ ನನಗ ಎಷ್ಟರಾಗ ತಪ್ಪಿತ್ರಿ? ನೂರು ರ‍್ಯಾಂಕಿನ್ಯಾಗೋ, ಐನೂರರಾಗೋ?"

"ಯಾಕವ್ವ?"

"ಏನಿಲ್ರಿ. ಇಷ್ಟ ಕಡಿಮಿ ಬಿತ್ತು ಅಂತ ಗೊತ್ತಾದ್ರ ಮನಸ್ಸಿಗಿ ತಿಳಿಸಿ ಹೇಳ್ಕೊಳ್ಳಾಕ ಬರ್ತದ. ಯಾವ ಪ್ರಶ್ನಿ ತಪ್ಪು ಮಾಡೀನಿ ಅಂತ ದಿನಾ ಕೂತು ಹುಡುಕಾಕತ್ತೀನ್ರಿ. ಭೌತಶಾಸ್ತ್ರದಾಗ ಎರಡು ಸಿಕ್ಕಾವು."

ಸುನಂದಾ ಮೇಜಿನ ಅಂಚು ಹಿಡಿದುಕೊಂಡಳು. "ನೋಡಿ ಹೇಳ್ತೀನಿ," ಎಂದಳು. ಅವರು ಹೋದ ಮೇಲೆ ಬಾಳೆಯ ಗೊನೆಯ ಎದುರು ನೆಲದ ಮೇಲೆ ಕೂತು, ಬಹಳ ಹೊತ್ತು ಏಳಲಿಲ್ಲ. ಹುಡುಗಿ ತನ್ನದಲ್ಲದ ತಪ್ಪನ್ನು ತನ್ನಲ್ಲೇ ಹುಡುಕುತ್ತ ಕೂತಿದ್ದಾಳೆ ಎಂಬುದನ್ನು ಅವಳು ಯೋಚಿಸಿಯೇ ಇರಲಿಲ್ಲ.

ಸಾಲು ಬದಲಿಸಲು ಸೋಮವಾರ ಸಂಜೆ ಐದು ಕೊನೆಯ ಗಡುವು. ಸುನಂದಾ ಬೆಳಗಿನ ಮೊದಲ ಬಸ್ಸಿಗೆ ಕಮಲಾಪುರಕ್ಕೆ ಹೋಗಿ, ಕಾಲೇಜಿಗೆ ರಜೆ ಹೇಳಿ, ರಾಜೇಶ್ರೀಯನ್ನು ಜಹಾಂಗೀರ್‌ನ ಅಂಗಡಿಗೆ ಕರೆಸಿದಳು. ಜಹಾಂಗೀರ್ ಚಹಾ ತರುತ್ತೇನೆಂದು ಹೊರಗೆ ಹೋದ. ಅಂಗಡಿಯಲ್ಲಿ ಅವರಿಬ್ಬರೇ.

"ಬಾಗಲಕೋಟಿ ತಪ್ಪಿಲ್ಲ ರಾಜೇಶ್ರೀ," ಎಂದಳು ಸುನಂದಾ. "ನಾನ ಕಲಬುರಗಿ ಮ್ಯಾಲ ಹಾಕಿದ್ದೆ."

ಹುಡುಗಿ ಅರ್ಥವಾಗದವಳಂತೆ ನೋಡಿದಳು. "ಕೈ ತಪ್ಪಿ ಹಾಕಿದ್ರೇನ್ರಿ?"

"ಅಲ್ಲ. ಗೊತ್ತಿದ್ದ ಹಾಕಿದೆ. ನೀ ಫೋನ್ ಮಾಡಿದಾಗ ಸುಳ್ಳ ಹೇಳಿದೆ."

"ಯಾಕ್ರಿ?"

ಬಸ್ಸಿನಲ್ಲಿ ಬರುವಾಗ ಸುನಂದಾ ಉತ್ತರ ಹೊಂದಿಸಿಕೊಂಡಿದ್ದಳು. ದೂರ, ಖರ್ಚು, ತಾಯಿಯ ಆರೋಗ್ಯ. ಅವು ಒಂದೂ ಬಾಯಿಗೆ ಬರಲಿಲ್ಲ. "ನೀ ಮನ್ಯಾಗ ಇದ್ರ ನನಗ ಚಲೋ ಅನಿಸ್ತಿತ್ತು. ಅದಕ್ಕ."

ಹೊರಗೆ ಹುಮನಾಬಾದಿನ ಬಸ್ಸು ಬಂದು ನಿಂತಿತು, ಕಂಡಕ್ಟರ್ ಕೂಗಿದ, ಬಸ್ಸು ಹೋಯಿತು. ರಾಜೇಶ್ರೀ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ಅಳುತ್ತಿರಲಿಲ್ಲ. ಕಡೆಗೆ ಬಹಳ ಮೆಲ್ಲಗೆ ಹೇಳಿದಳು.

"ಹಂಗಂತ ನನ್ನ ಕೇಳಬೇಕಿತ್ತಲ್ರಿ ಮೇಡಂ. ಕೇಳಿದ್ರ, ನಾ ಇರ್ತಿದ್ದೆ ಏನೋ."

ಈ ಮಾತಿಗೆ ಸುನಂದಾ ಸಿದ್ಧಳಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವಳು ಏನೋ ಹೇಳಲು ಹೋದಳು, ಹುಡುಗಿ ತಡೆದಳು.

"ಅವ್ವಗ ಅಪ್ಪಗ ಇದು ಹೇಳಬ್ಯಾಡ್ರಿ. ಮೇಡಂ ಅವರ ಹಿಂಗ ಮಾಡಿದ್ರಂದ್ರ, ಇನ್ನ ಯಾರನ್ನ ನಂಬಬೇಕು ಅಂತ ನನ್ನ ಎಲ್ಲಿಗೂ ಕಳ್ಸಂಗಿಲ್ಲ ಅವ್ರು." ಆಮೇಲೆ ಕುರ್ಚಿ ಎಳೆದುಕೊಂಡು ತಾನೇ ಕಂಪ್ಯೂಟರಿನ ಮುಂದೆ ಕೂತಳು. "ಪಾಸ್‌ವರ್ಡ್ ಹೇಳ್ರಿ."

ಸುನಂದಾ ಹೇಳಿದಳು. ಪುಟ ತೆರೆಯಲು ಬಹಳ ಹೊತ್ತು ಹಿಡಿಯಿತು. ಹುಡುಗಿ ಒಂದೊಂದೇ ಸಾಲನ್ನು ತೆಗೆದು, ನೋಟಬುಕ್ಕಿನ ಹಾಳೆಯಲ್ಲಿದ್ದಂತೆ ಮತ್ತೆ ಜೋಡಿಸಿದಳು. ಸಬ್‌ಮಿಟ್ ಒತ್ತಿ, ಪ್ರಿಂಟನ್ನು ತಾನೇ ತೆಗೆದು, ತಾನೇ ಮಡಚಿ ಇಟ್ಟುಕೊಂಡಳು.

ಅಲ್ಲಿಗೆ ಮುಗಿಯಲಿಲ್ಲ. ತಾಯಿಯನ್ನು ಒಪ್ಪಿಸಬೇಕಿತ್ತು. ಇಬ್ಬರೂ ಒಂದೇ ಆಟೋದಲ್ಲಿ ತೋಟಕ್ಕೆ ಹೋದರು. ಬಾಗಲಕೋಟೆ ಸಿಗುವ ಹಾಗಿದೆ, ಹುಡುಗಿ ಅಲ್ಲಿಗೇ ಹೋಗಲಿ ಎಂದು ಸುನಂದಾ ಹೇಳಿದ ಕೂಡಲೇ ಮಹಾದೇವಮ್ಮನ ಮುಖದ ನಗು ಆರಿತು.

"ನಿನ್ನಿ ಕಲಬುರಗಿ ಅಂದ್ರಿ, ಇವತ್ತ ಬಾಗಲಕೋಟಿ ಅಂತೀರಿ. ಏನ್ ಅಕ್ಕೋರ ಇದು? ನಿಮಗ ನಮ್ಮ ಹುಡ್ಗಿ ಬ್ಯಾಡ ಆತೇನು? ಕೋಣಿ ಕೊಡ್ಲಾಕ ಮನಸ್ಸ ಇಲ್ಲಂದ್ರ ನೇರ ಹೇಳ್ರಿ."

ಸುನಂದಾ ರಾಜೇಶ್ರೀಯ ಮುಖ ನೋಡಿದಳು. ಅದು ಕಲ್ಲಿನ ಹಾಗಿತ್ತು. "ಹಂಗಲ್ರಿ," ಎಂದಳು ಸುನಂದಾ. "ಆಕಿಗಿ ಬೇಕಾದ ವಿದ್ಯಾ ಅಲ್ಲಿ ಅದ. ಈಗ ಬಿಟ್ರ ಮತ್ತ ಸಿಗಂಗಿಲ್ಲ." ಒಂಬತ್ತು ವರ್ಷಗಳಲ್ಲಿ ಎಷ್ಟೋ ತಾಯಂದಿರ ಎದುರು ಹೇಳಿದ ಮಾತುಗಳನ್ನೆಲ್ಲ ಹೇಳಿದಳು. ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಇರುತ್ತಾರೆ, ದಿನಾ ಫೋನಿನಲ್ಲಿ ಮಾತಾಡಬಹುದು, ನಾಲ್ಕು ವರ್ಷ ಎಂದರೆ ಏನು ಮಹಾ. ಮಹಾದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಎದ್ದು ಹೋದಳು.

ಅಲ್ಲೇ ಕೂತಿದ್ದ ಭೀಮಶಾ ಆಗ ಕೇಳಿದರು. "ಬಾಳಿ ಬಗ್ಗಿ ಅಲ್ಲಿ ಖರೇನ ಕಲಸ್ತಾರೇನ್ರಿ?"

"ಕಲಸ್ತಾರ್ರಿ."

"ಹಂಗಾದ್ರ ಹೋಗ್ಲಿ. ಆಕಿ ಅವ್ವ ನಾಕ್ ದಿನ ಅಳ್ತಾಳ. ಆಮ್ಯಾಲ ಸುಮ್ಮಾಗ್ತಾಳ."

ಸೀಟು ಬಾಗಲಕೋಟೆಯಲ್ಲೇ ಬಂತು. ಹುಡುಗಿಯನ್ನು ಬಿಡಲು ಯಾವ ದಿನ ಹೋಗುತ್ತಾರೆ ಎಂದು ಯಾರೂ ಸುನಂದಾಳಿಗೆ ಹೇಳಲಿಲ್ಲ. ಕಾಲೇಜಿನಲ್ಲಿ ಯಾರೋ ಮಾತಾಡಿಕೊಳ್ಳುವಾಗ, ಅವರು ಹೋಗಿ ಎರಡು ದಿನವಾಯಿತು ಎಂದು ಗೊತ್ತಾಯಿತು. ಅವಳು ಒಂದು ಸಲ ಫೋನು ಮಾಡಿದಳು. ಗಂಟೆ ಬಾರಿಸಿ ನಿಂತಿತು. "ಹಾಸ್ಟೆಲ್ ಸೇರಿದೆಯಾ? ಊಟ ಸರಿ ಇದೆಯಾ?" ಎಂದು ಮೆಸೇಜು ಹಾಕಿದಳು. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಮತ್ತೆ ಮಾಡಲಿಲ್ಲ.

ಒಂದು ದಿನ ಧೈರ್ಯ ಮಾಡಿ ಶಿವಶರಣ ಅವರ ಕೋಣೆಗೆ ಹೋಗಿ ನಡೆದದ್ದೆಲ್ಲ ಹೇಳಿದಳು. ಈ ಕೆಲಸವನ್ನು ಇನ್ನು ಬೇರೆಯವರಿಗೆ ಕೊಡಿ, ನಾನು ಇದಕ್ಕೆ ಯೋಗ್ಯಳಲ್ಲ ಎಂದಳು. ಅವರು ಪೂರ್ತಿ ಕೇಳಿ, ಪೆನ್ನಿನ ಕ್ಯಾಪು ಹಾಕುತ್ತ ನಕ್ಕರು.

"ಇಷ್ಟಕ್ಕ ಇಷ್ಟ ಮನಸ್ಸಿಗಿ ಹಚ್ಕೊಂಡೀರಿ? ಹುಡ್ಗಿಗಿ ಬೇಕಾದ ಸೀಟ್ ಸಿಕ್ತಲ್ರಿ. ಮುಗೀತು ಬಿಡ್ರಿ. ನಿಮ್ಮಂಥವ್ರ ಇನ್ಯಾರ್ ಸಿಗ್ತಾರ ನಮಗ."

ಅವರ ದನಿಯಲ್ಲಿ ಕರುಣೆಯೇ ಇತ್ತು. ಆದರೆ ಸುನಂದಾ ಹೊರಗೆ ಬರುವಾಗ ಒಳಗೆ ಹೋದಾಗಿನದಕ್ಕಿಂತ ಭಾರವಾಗಿದ್ದಳು. ಅವಳ ತಪ್ಪನ್ನು ತಪ್ಪು ಎಂದು ತಿಳಿದವಳು ಆ ಹುಡುಗಿ ಒಬ್ಬಳೇ, ಅವಳು ಮಾತು ಬಿಟ್ಟಿದ್ದಳು.

ಎದುರುಮನೆಯ ನಾಗರತ್ನಾ ಕೇಳಿದಾಗ, "ಬ್ಯಾರೆ ಕಡಿ ಸೀಟ್ ಸಿಕ್ತು," ಎಂದಳು. ಮಂಚ ವಾಪಸು ಕೊಡುವುದಿಲ್ಲವೇ ಎಂದದ್ದಕ್ಕೆ, "ಇರ್ಲಿ ಬಿಡ್ರಿ," ಎಂದಳು. ಕೆಲಸ ಮಾತ್ರ ಬಿಡಲಿಲ್ಲ. ಲ್ಯಾಬಿನ ಬೆಂಚಿಗೆ ಹೊಸ ಮಕ್ಕಳು ಬಂದರು. ಈಗ ಅವಳು ಅವರ ಅರ್ಜಿಯನ್ನು ತಾನು ತುಂಬುವುದಿಲ್ಲ. ಎಷ್ಟೇ ತಡವಾದರೂ ಅವರನ್ನೇ ಕೂರಿಸಿ ತುಂಬಿಸುತ್ತಾಳೆ, ತಾನು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾಳೆ. ಮೇಡಂ ಮೊದಲಿನ ಹಾಗಿಲ್ಲ, ಮೈಗಳ್ಳಿ ಆಗ್ಯಾರ ಎಂದು ಕೆಲವರು ಆಡಿಕೊಂಡರು.

ದಸರೆಗೆ ಇನ್ನೂ ಹದಿನೈದು ದಿನ ಇದ್ದಾಗ, ಒಂದು ಮಧ್ಯಾಹ್ನ ಕಮಲಾಪುರದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಹಾದೇವಮ್ಮ ಕೂತಿದ್ದಳು. ಪಕ್ಕದಲ್ಲಿ ಸಂತೆಯ ಚೀಲ. ಸುನಂದಾ ಕಂಡೂ ಕಾಣದಂತೆ ಹೋಗಬಹುದಿತ್ತು. ಹೋಗಲಿಲ್ಲ, ಹತ್ತಿರ ಹೋಗಿ ಕೂತಳು.

"ಆರಾಮ ಇದ್ದೀರೇನ್ರಿ?"

"ಏನ್ ಆರಾಮ ಅಕ್ಕೋರ," ಎಂದಳು ಮಹಾದೇವಮ್ಮ, ಮುಖ ತಿರುಗಿಸದೆ. "ಮನಿ ಅಂಬದು ಮಸಣ ಆಗ್ಯಾದ. ಅವರು ಮುಂಜಾನೆ ತ್ವಾಟಕ ಹೋದ್ರ ಸಂಜಿಗಿ ಬರ್ತಾರ. ಗ್ವಾಡಿ ಜೊತಿ ಮಾತಾಡ್ಲೇನು ನಾನು? ಇದ್ದೊಂದು ಹುಡ್ಗಿನ್ನ ದೂರ ಕಳ್ಸಿ ಕುಂತ್ರಿ ನೀವು. ನಿಮಗ ಮಕ್ಕಳಿಲ್ಲ, ನಿಮಗೇನ್ ಗೊತ್ತಾಗ್ಬೇಕು."

ಈ ಬೈಗುಳ ತನ್ನ ತಪ್ಪಿಗಲ್ಲ, ಅದನ್ನು ಸರಿಪಡಿಸಿದ್ದಕ್ಕೆ ಎಂದು ಸುನಂದಾಳಿಗೆ ಗೊತ್ತಿತ್ತು. ಆದರೂ ಯಾರೋ ಒಬ್ಬರು ತನ್ನನ್ನು ಬೈಯುತ್ತಿದ್ದಾರೆ ಎಂಬುದೇ ಒಂದು ಬಗೆಯಲ್ಲಿ ಹಗುರೆನಿಸಿತು. ಬೈದು ಮುಗಿದ ಮೇಲೆ ಮಹಾದೇವಮ್ಮನ ದನಿ ಮೆತ್ತಗಾಯಿತು.

"ಫೋನ್ ಅವರ ಹಂತ್ಯಾಕ ಇರ್ತದ. ಮೂರು ದಿನ ಆತು ಹುಡ್ಗಿ ದನಿ ಕೇಳಿಲ್ಲ. ಒಂದ್ಸಲ ಹಚ್ಚಿ ಕೊಡ್ರಿ ಅಕ್ಕೋರ."

ಸುನಂದಾಳ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಪರ್ಸಿನಿಂದ ಫೋನು ತೆಗೆದು ನಂಬರು ಹಚ್ಚಿ ತಾಯಿಯ ಕೈಗೆ ಕೊಟ್ಟಳು. ಮಹಾದೇವಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. ಗಂಟೆ ಬಾರಿಸಿತು. ಬಾರಿಸಿ ಬಾರಿಸಿ ನಿಂತಿತು. ಇನ್ನೊಮ್ಮೆ ಹಚ್ಚಿದರೂ ಹಾಗೇ.

"ಕ್ಲಾಸಿನ್ಯಾಗ ಇರ್ತಾಳೇನೋ," ಎಂದಳು ತಾಯಿ.

"ಹೌದ್ರಿ. ಕ್ಲಾಸಿನ್ಯಾಗ ಇರ್ತಾಳ." ಸುನಂದಾ ಎದ್ದು ನಿಂತಳು. "ಬರ್ರಿ, ಜಹಾಂಗೀರನ ಅಂಗಡ್ಯಾಗ ಒಂದು ಫೋನ್ ಅದ. ಅದರಿಂದ ಒಮ್ಮಿ ನೋಡಾಮು."

ಜಹಾಂಗೀರ್ ತನ್ನ ಫೋನಿನಿಂದ ಹಚ್ಚಿ ಕೊಟ್ಟ. ಎರಡನೇ ಗಂಟೆಗೇ ಆ ಕಡೆಯಿಂದ ದನಿ ಬಂತು. ಮಹಾದೇವಮ್ಮನ ಮುಖ ದೀಪ ಹಚ್ಚಿದಂತೆ ಬೆಳಗಿತು. "ಯವ್ವಾ! ನಾನವ್ವ, ನಿಮ್ಮವ್ವ! ಉಂಡೀಯೇನು?" ಸುನಂದಾ ಬಾಗಿಲ ಹತ್ತಿರ ನಿಂತಿದ್ದಳು. ಹುಡುಗಿಯ ಮಾತು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ, ಆದರೆ ಅವಳು ಗಡಿಬಿಡಿಯಲ್ಲಿ ಏನನ್ನೋ ಹೇಳುತ್ತಿರುವುದು ಮಹಾದೇವಮ್ಮನ ನಗೆಯಿಂದ ತಿಳಿಯುತ್ತಿತ್ತು. ಹೊಲದಲ್ಲಿ ಬರಿಗಾಲಲ್ಲಿ ಕೆಲಸ ಮಾಡಿಸುತ್ತಾರಂತೆ. ಅಲ್ಲಿನ ಬೇಳೆ ಸಾರಿಗೆ ಮನೆಯ ರುಚಿ ಇಲ್ಲವಂತೆ. ಯಾರೋ ಮಾಸ್ತರರು ಕೆಂಪು ಬಾಳೆಯ ಗಡ್ಡೆ ತಂದು ತೋರಿಸು ಎಂದಿದ್ದಾರಂತೆ. ಕೇಳಿದ್ದನ್ನೆಲ್ಲ ತಾಯಿ ಜೋರಾಗಿ ತಿರುಗಿ ಹೇಳುತ್ತಿದ್ದಳು. ಸುನಂದಾ ಒಂದೊಂದನ್ನೂ ಕೇಳಿ ಇಟ್ಟುಕೊಂಡಳು.

"ಮೇಡಂ ಅವ್ರ ಫೋನಿಂದನೂ ಮಾಡಿದ್ದೆ, ನೀ ಎತ್ತಲಿಲ್ಲ. ಇಲ್ಲೇ ಅದಾರ, ಮಾತಾಡ್ತಿ?" ಎಂದು ಮಹಾದೇವಮ್ಮ ಫೋನನ್ನು ಮುಂದೆ ಚಾಚಿದಳು.

ಆ ಕಡೆ ದನಿ ನಿಂತಿದ್ದು ಬಾಗಿಲಲ್ಲಿದ್ದವಳಿಗೂ ತಿಳಿಯಿತು.

ಸುನಂದಾ ಕೈ ಅಡ್ಡ ಆಡಿಸಿದಳು. "ಬ್ಯಾಡ್ರಿ, ನನ್ನ ಬಸ್ ಬಂತು. ಚಲೋ ಓದು ಅಂದಿನಿ ಅಂತ ಹೇಳ್ರಿ," ಎಂದು ಫೋನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿ, ಮೆಟ್ಟಿಲಿಳಿದು ರಸ್ತೆ ದಾಟಿದಳು.

ಕಲಬುರಗಿಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅವಳು ಅಂಗಡಿಯಿಂದ ಕಾಣದ ಕಡೆ, ಕಂಬದ ಮರೆಗೆ ಹೋಗಿ ನಿಂತು ಕಾಯತೊಡಗಿದಳು.